ಬೇಸ್ ಟ್ರಾಂಬೋನ್: ತನಿವಾದನ

ಟ್ರಾಂಬೋನ್ ಕುಟುಂಬದ ಮಂದ್ರಸ್ಥಾಯಿಯ ಹಿತ್ತಾಳೆ ವಾದ್ಯ. ಕೊಳವೆಯ ಮೂಲ ಉದ್ದ ಟೆನರ್ ಟ್ರಾಂಬೋನಿನಷ್ಟೇ, ಸುಮಾರು 2.7 ಮೀಟರ್, ಒಳವ್ಯಾಸ ಮಾತ್ರ ಹಿರಿದು, ಬಾಯಿ ಅಗಲ, ಕೆಳಸ್ವರಗಳಿಗಾಗಿ ಸಾಮಾನ್ಯವಾಗಿ ಎರಡು ವಾಲ್ವ್. ಬಹುಕಾಲ ಬ್ಯಾಂಡಿನ ತಳಸ್ವರ ಹಿಡಿಯುವುದೇ ಇದರ ಕೆಲಸವಾಗಿತ್ತು. ಇದನ್ನು ಹಾಡುವ ವಾದ್ಯವಾಗಿ ಪ್ರಸಿದ್ಧಿಗೆ ತಂದವರಲ್ಲಿ ಅಮೆರಿಕದ ಜಾರ್ಜ್ ರಾಬರ್ಟ್ಸ್ (1928–2014) ಪ್ರಮುಖರು.

ಭಾವಪೂರ್ಣವಾಗಿ ನುಡಿಸುವುದು ಸುಲಭವಲ್ಲ. ಜಾರುಕೊಳವೆ ಸ್ವರದಿಂದ ಸ್ವರಕ್ಕೆ ಸಾಗುವಾಗ ನಡುವಿನ ಶ್ರುತಿಗಳೆಲ್ಲ ಕೇಳಿಬಿಡುತ್ತವೆ. ಅದನ್ನು ಮರೆಮಾಡಲು ವಾದಕರು ಉಸಿರು ಕಡಿಯದೆ ನಾಲಗೆಯಲ್ಲಿ ಮೆಲ್ಲಗೆ ‘ದ’ ಎನ್ನುತ್ತಾರೆ. ಅದೇ ಕ್ಷಣಕ್ಕೆ ಕೈ ಸರಕ್ಕನೆ ಸರಿಯಬೇಕು. ಕರ್ನಾಟಕ ಸಂಗೀತದ ಕಿವಿಗಾದರೋ ಈ ಜಾರು ದೋಷವಲ್ಲ, ಗಮಕ.

ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥ್ (1949–2019) ಆ ವಾದ್ಯವನ್ನು ಕಚೇರಿಯ ವೇದಿಕೆಗೇರಿಸಿದರು. ಬೇಸ್ ಟ್ರಾಂಬೋನ್ ಗಮಕಕ್ಕೆ ಅದಕ್ಕಿಂತಲೂ ಹತ್ತಿರದ್ದು, ವಿಳಂಬದ ಆಲಾಪನೆಗೆ ಹೇಳಿ ಮಾಡಿಸಿದ ನಾದ. ಆದರೆ ಗಾಳಿ ಬಹಳ ಬೇಡುತ್ತದೆ. ಹಾಗಾಗಿ ಸಂಚಾರಗಳನ್ನು ಗಿಡ್ಡವಾಗಿ, ಉಸಿರಿನ ಅಳತೆ ನೋಡಿಯೇ ಕಟ್ಟಬೇಕಾಗುತ್ತದೆ.