ದಂಡಿನ ಹುಡುಗರ ಗೆಲುವು

ಸಂಜೆ ಆರಾಯಿತೆಂದರೆ ಸೋಲದೇವನಹಳ್ಳಿಯ ನಮ್ಮ ಮನೆಯ ಹೊಸ್ತಿಲ ಪಕ್ಕದಲ್ಲಿ ಕೆಸರು ಮೆತ್ತಿದ ಒಂದು ಜೊತೆ ಬೂಟು ಬಂದು ಕೂರುತ್ತದೆ. ಮೊಮ್ಮಗಳದು. ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ಮೊನ್ನೆ ಕೆಸರು ಕೆರೆಯುತ್ತಾ, "ಅಜ್ಜೀ, ಕಲ್ಕತ್ತದವರು ಬರಿಗಾಲಲ್ಲಿ ಆಡಿ ಬಿಳಿಯರನ್ನ ಸೋಲಿಸಿದ್ರಂತೆ. ನಮ್ಮೂರೋರು ಯಾರೂ ಗೆಲ್ಲಲೇ ಇಲ್ವಾ?" ಎಂದಳು.

ಅವಳು ಹೇಳಿದ್ದು 1911ರ ಸಂಗತಿ. ಆ ಜುಲೈ 29ರಂದು ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಿತು. ಹನ್ನೊಂದು ಜನರಲ್ಲಿ ಬೂಟು ಹಾಕಿದ್ದವರು ಒಬ್ಬರೇ, ಸುಧೀರ್ ಚಟರ್ಜಿ ಎಂಬ ಕಾಲೇಜು ಮೇಷ್ಟ್ರು.

"ಗೆದ್ದಿದಾರೆ ಕಣೇ, ಬೆಂಗಳೂರು ಮುಸ್ಲಿಮ್ಸ್ ಅಂತ" ಎಂದೆ. ಅವಳು ಆ ಹೆಸರೇ ಕೇಳಿರಲಿಲ್ಲ. ಅವಳನ್ನೇನು ಅನ್ನಲಿ, ನಾನು ಕೇಳಿದ್ದೂ ತಲೆ ನರೆತ ಮೇಲೆಯೇ.

ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿ ಶುರುವಾದದ್ದು 1891ರಲ್ಲಿ. ವರ್ಷ ವರ್ಷವೂ ಕಪ್ ಎತ್ತಿಕೊಂಡು ಹೋಗುತ್ತಿದ್ದವರು ಬ್ರಿಟಿಷ್ ಸೈನ್ಯದ ತಂಡಗಳವರು. 1923ರಲ್ಲಿ ಮೋಹನ್ ಬಗಾನ್ ಫೈನಲ್ ತನಕ ಹೋಗಿ ಸೋತು ಬಂತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಊರಿನದು! ಫೈನಲ್‌ನಲ್ಲಿ ಎದುರಿಗಿದ್ದದ್ದು ಕಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್. 1934ರಿಂದ ಐದು ವರ್ಷ ಎಡೆಬಿಡದೆ ಕಲ್ಕತ್ತ ಲೀಗ್ ಗೆದ್ದ ತಂಡ ಅದು. ಅಂಥವರನ್ನು ಬೆಂಗಳೂರಿನವರು ಒಂದೇ ಒಂದು ಗೋಲಿನಿಂದ ಸೋಲಿಸಿದರು. ಏನೋ ಅದೃಷ್ಟ ಎನ್ನುವವರ ಬಾಯಿ ಮುಚ್ಚಿಸುವಂತೆ ಮರುವರ್ಷವೂ ಹೋದರು. ಈ ಸಲ ಎದುರಿಗೆ ಸೈನ್ಯವೇ, ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್. 3-2ರಿಂದ ಗೆದ್ದು ಬಂದರು.

ಮತ್ತೆ ಕಲ್ಕತ್ತದ ಕಥೆ ಮನೆಮನೆಗೂ ಗೊತ್ತಾಗಿ, ಇದು ಯಾಕೆ ಗೊತ್ತಾಗಲಿಲ್ಲ?

ಆಗ ಬೆಂಗಳೂರು ಎಂದರೆ ಎರಡು ಊರು. ಪೇಟೆ ಮಹಾರಾಜರದು, ದಂಡು ಬ್ರಿಟಿಷರದು, ನಡುವೆ ಕಬ್ಬನ್ ಪಾರ್ಕು. ನೀರು ಮಾತ್ರ ಒಂದೇ. ಹೆಸರಘಟ್ಟದ ಕೆರೆಯ ನೀರನ್ನು 1890ರ ದಶಕದಿಂದ ನಮ್ಮ ಈ ಸೋಲದೇವನಹಳ್ಳಿಯಲ್ಲೇ ಪಂಪು ಮಾಡಿ ಊರಿಗೆ ಕಳಿಸುತ್ತಿದ್ದರು. ಅದನ್ನು ಪೇಟೆಯವರೂ ಕುಡಿದರು, ದಂಡಿನವರೂ ಕುಡಿದರು. ಫುಟ್‌ಬಾಲ್ ಹುಟ್ಟಿದ್ದು ದಂಡಿನಲ್ಲಿ, ಸಿಪಾಯಿಗಳ ಆಟ ನೋಡಿ ನೋಡಿ ಕಲಿತ ಬಡವರ ಮಕ್ಕಳ ಕಾಲಲ್ಲಿ. ಅವರ ಮನೆಮಾತು ಉರ್ದು, ತಮಿಳು. ಕನ್ನಡ ಓದುವ ನಮ್ಮ ಮನೆಗಳಿಗೆ ಆ ಸಂತೋಷ ಬಂದು ಮುಟ್ಟಲಿಲ್ಲ. ತಂಡದ ಹೆಸರು ಕೇಳಿಯೇ 'ಅದು ಅವರದು' ಎಂದು ಸುಮ್ಮನಾದವರೂ ಇದ್ದಿರಬೇಕು. ನನಗನ್ನಿಸುವುದು ಇಷ್ಟು. ತಪ್ಪಿದ್ದರೆ ತಿಳಿದವರು ತಿದ್ದಲಿ.

ಆದರೆ ಆಟ ಅಲ್ಲಿಗೇ ನಿಲ್ಲಲಿಲ್ಲ. 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನೇ ಮಣಿಸಿ ಸಂತೋಷ್ ಟ್ರೋಫಿ ತಂದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದವರು ಹೆಚ್ಚಿನವರು ಬರಿಗಾಲಲ್ಲೇ ಆಡಿ ಫ್ರಾನ್ಸ್ ಎದುರು 2-1ರಿಂದ ಸೋತರು. ಆ ಒಂದು ಗೋಲು ಹೊಡೆದವರು ಮೈಸೂರಿಗೆ ಆಡುತ್ತಿದ್ದ ಎಸ್. ರಾಮನ್. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ಹತ್ತು ಗೋಲು ಬಾರಿಸಿತು. ನಮ್ಮ ಕಡೆಯ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಅದಾದ ಮೇಲೆಯೇ ಎಲ್ಲರೂ ಬೂಟು ಹಾಕಲೇಬೇಕೆಂಬ ನಿಯಮ ಬಂದದ್ದು.

ಹೆಂಗಸರ ಸರದಿ ಬರಲು ಇನ್ನೂ ತಡವಾಯಿತು. ಹೆಣ್ಣುಮಕ್ಕಳ ಫುಟ್‌ಬಾಲಿಗೆ ದೇಶದಲ್ಲೊಂದು ಸಂಘ ಆದದ್ದು 1975ರಲ್ಲಿ. ಆಮೇಲೆ ನಮ್ಮ ಚಿತ್ರಾ ಗಂಗಾಧರನ್ ಭಾರತಕ್ಕೆ ಆಡಿದರು. ಆ ದಿನಗಳಲ್ಲಿ ನಾವು, ಮೊಣಕಾಲು ಕಾಣುವ ಚಡ್ಡಿ ಹಾಕಿ ಹುಡುಗಿಯರು ಆಡುವುದೇ ಎಂದು ಮೂಗು ಮುರಿಯುತ್ತಿದ್ದೆವು. ನಾನೂ ಮುರಿದವಳೇ, ಸುಳ್ಳೇಕೆ ಹೇಳಲಿ.

ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ, ಅಲ್ಲಿ ಈಗಲೂ ಗಲ್ಲಿಗಲ್ಲಿಯಲ್ಲಿ ಆಡುತ್ತಾರೆ ಎಂದೆ.

"ಬೆಂಗಳೂರು ಮುಸ್ಲಿಮ್ಸ್‌ನವರ ಪ್ರತಿಮೆ ಎಲ್ಲಿದೆ ಅಜ್ಜಿ?" ಎಂದಳು. ನನಗೆ ಉತ್ತರ ತೋಚಲಿಲ್ಲ. ಭಾನುವಾರ ಇಬ್ಬರೂ ಗೌತಮಪುರಕ್ಕೆ ಹೋಗಿ ಅಲ್ಲಿಯ ಹಿರಿಯರನ್ನೇ ಕೇಳಿ ಬರುವುದೆಂದು ಮಾತಾಗಿದೆ.