ಹಲ್ಲಿನೊಳಗೆ ಫೈಲ್ ಮುರಿದರೆ ಅದು ಕಳಪೆ ಮಾಲೇ? ಲ್ಯಾಬ್ ಟೆಸ್ಟ್ ಹೇಳುವುದೆಷ್ಟು?

ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯವರು ಹಲ್ಲುನೋವಿಗೆ ಮೊದಲು ಊರಿನ ಕ್ಲಿನಿಕ್ಕಿಗೆ ಹೋಗುತ್ತಾರೆ, ಕಷ್ಟದ ಕೇಸಾದರೆ ಹಾಸನದ ಬಸ್ಸು ಹತ್ತುತ್ತಾರೆ. ಒಂದು ದಿನದ ಕೂಲಿ, ಬಸ್ ಚಾರ್ಜು, ಚಿಕಿತ್ಸೆಯ ಖರ್ಚು ಎಲ್ಲ ಸೇರಿ ರೂಟ್ ಕೆನಾಲ್ ಎಂದರೆ ಸಣ್ಣ ಮಾತಲ್ಲ. ಇಷ್ಟೆಲ್ಲ ಆದಮೇಲೆ ವೈದ್ಯರು ‘ಫೈಲಿನ ತುದಿ ಮುರಿದು ಒಳಗೇ ಉಳಿದಿದೆ’ ಎಂದರೆ ಮನೆಯಲ್ಲಿ ಬರುವ ಮೊದಲ ಮಾತು, ‘ಡೂಪ್ಲಿಕೇಟ್ ಮಾಲು ಹಾಕಿದ್ದಾರೆ’. ಹಾಗೆಯೇ ‘ಈ ಸಿಮೆಂಟು ಲ್ಯಾಬ್‌ನಲ್ಲಿ ಟೆಸ್ಟ್ ಆಗಿದೆ, ಹತ್ತು ವರ್ಷ ಏನೂ ಆಗಲ್ಲ’ ಎಂಬ ಭರವಸೆಯನ್ನೂ ನಾವು ಕೇಳಿದ್ದೇವೆ. ಎರಡು ಮಾತಿನ ಹಿಂದೆಯೂ ಒಂದೇ ತಪ್ಪು ಗ್ರಹಿಕೆ ಇದೆ: ಪ್ರಯೋಗಾಲಯದಲ್ಲಿ ಪಾಸಾದ ವಸ್ತು ಬಾಯಲ್ಲಿ ಸೋಲಬಾರದು ಎಂಬುದು. ಆ ಪರೀಕ್ಷೆಗಳು ಹೇಗೆ ನಡೆಯುತ್ತವೆ ಎಂದು ನೋಡಿದರೆ ವಿಷಯ ತಿಳಿಯಾಗುತ್ತದೆ.

ಕೂದಲೆಳೆಯಂಥ ಉಪಕರಣ

ಜನ ‘ಸೂಜಿ’ ಎನ್ನುವ ಉಪಕರಣದ ಹೆಸರು ಫೈಲ್. ಬೇರಿನ ನಾಳದೊಳಗೆ ಕೊಳೆತ ಭಾಗವನ್ನು ಕೆರೆದು ತೆಗೆಯುವುದು ಅದರ ಕೆಲಸ. 25ನೇ ನಂಬರಿನ ಫೈಲಿನ ತುದಿ 0.25 ಮಿ.ಮೀ. ದಪ್ಪ. ಸಾಮಾನ್ಯ ಕೈ ಫೈಲಿನಲ್ಲಿ ಅಲ್ಲಿಂದ ಪ್ರತಿ ಮಿಲಿಮೀಟರಿಗೆ 0.02 ಮಿ.ಮೀ. ದಪ್ಪವಾಗುತ್ತ ಹೋಗುತ್ತದೆ. ಇಷ್ಟು ತೆಳ್ಳಗಿನ ಲೋಹ ದವಡೆ ಹಲ್ಲಿನ ಬಾಗಿದ ಬೇರಿನಲ್ಲಿ ತಿರುಗಬೇಕು.

ಹಿಂದೆ ಇವೆಲ್ಲ ಸ್ಟೇನ್‌ಲೆಸ್ ಸ್ಟೀಲಿನವು. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ ನಿಕಲ್-ಟೈಟೇನಿಯಂ ಮಿಶ್ರಲೋಹ ಹಲ್ಲು ನೇರ ಮಾಡುವ ತಂತಿಯಾಗಿ ದಂತವೈದ್ಯಕ್ಕೆ ಬಂತು. 1988ರಲ್ಲಿ ಸಂಶೋಧಕರು ಆ ತಂತಿಯಿಂದಲೇ ಫೈಲ್ ಮಾಡಿ ನೋಡಿದಾಗ, ಅದು ಅದೇ ಅಳತೆಯ ಸ್ಟೀಲ್ ಫೈಲಿಗಿಂತ ಎರಡು ಮೂರು ಪಟ್ಟು ಬಳುಕುತ್ತಿತ್ತು. ಇಂದು ಮೋಟಾರಿಗೆ ಸಿಕ್ಕಿಸುವ ಫೈಲುಗಳು ಹೆಚ್ಚಾಗಿ ಈ ಜಾತಿಯವು. ಇವುಗಳಿಗೆ ಒಂದು ಕೆಟ್ಟ ಗುಣವೂ ಇದೆ. ಸ್ಟೀಲ್ ಫೈಲು ಮುರಿಯುವ ಮೊದಲು ಸಾಮಾನ್ಯವಾಗಿ ಅದರ ಸುರುಳಿ ಬಿಚ್ಚಿಕೊಂಡು ಕಣ್ಣಿಗೆ ಕಾಣುತ್ತದೆ. ನಿಕಲ್-ಟೈಟೇನಿಯಂ ಫೈಲು ಎಷ್ಟೋ ಸಲ ಯಾವ ಸುಳಿವೂ ಕೊಡದೆ ತುಂಡಾಗುತ್ತದೆ.

ಮುರಿಯುವವರೆಗೆ ತಿರುಗಿಸಿ ನೋಡುವುದು

ಫೈಲಿನ ಪರೀಕ್ಷೆಗಳಲ್ಲಿ ಎರಡು ಮುಖ್ಯ. ಮೊದಲನೆಯದು ತಿರುಚುವ ಪರೀಕ್ಷೆ. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 3630-1ರ ಪ್ರಕಾರ ಫೈಲಿನ ತುದಿಯ 3 ಮಿ.ಮೀ. ಭಾಗವನ್ನು ಬಿಗಿಯಾಗಿ ಹಿಡಿದು, ಹಿಡಿಯ ಕಡೆಯಿಂದ ನಿಧಾನವಾಗಿ ತಿರುಗಿಸುತ್ತಾರೆ. ಎಷ್ಟು ಬಲಕ್ಕೆ, ಎಷ್ಟು ಸುತ್ತಿಗೆ ಮುರಿಯಿತು ಎಂದು ಯಂತ್ರ ದಾಖಲಿಸುತ್ತದೆ. ಕಿರಿದಾದ ನಾಳದಲ್ಲಿ ತುದಿ ಸಿಕ್ಕಿಕೊಂಡು, ಮೋಟಾರು ಮಾತ್ರ ತಿರುಗುತ್ತಲೇ ಇದ್ದರೆ ಆಗುವುದೂ ಇದೇ.

ಎರಡನೆಯದು ದಣಿವಿನ ಪರೀಕ್ಷೆ. ಬೇಲಿಯ ತಂತಿಯನ್ನು ಕತ್ತರಿಸಲು ಇಕ್ಕಳ ಇಲ್ಲದಿದ್ದರೆ ಅತ್ತಿತ್ತ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ತತ್ವ. ಬಾಗಿದ ನಾಳದಲ್ಲಿ ಫೈಲು ಒಂದು ಸುತ್ತು ತಿರುಗಿದರೆ ಅದರ ಒಂದೊಂದು ಬದಿಯೂ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. ಲ್ಯಾಬ್‌ನಲ್ಲಿ ಲೋಹದ ತುಂಡೊಂದರಲ್ಲಿ ಬಾಗಿದ ತೋಡು ಕೊರೆದು (60 ಡಿಗ್ರಿ ಬಾಗು, 5 ಮಿ.ಮೀ. ತ್ರಿಜ್ಯ ಹೆಚ್ಚು ಬಳಕೆಯಲ್ಲಿರುವ ಅಳತೆ) ಫೈಲು ಮುರಿಯುವವರೆಗೆ ತಿರುಗಿಸುತ್ತಾರೆ. ನಿಮಿಷಕ್ಕೆ 300 ಸುತ್ತಿನಂತೆ ಎರಡು ನಿಮಿಷ ಬಾಳಿದರೆ 600 ಸುತ್ತು ಎಂದು ಲೆಕ್ಕ.

ತೊಡಕು ಶುರುವಾಗುವುದೇ ಇಲ್ಲಿ. ತೋಡು ಸ್ವಲ್ಪ ಅಗಲವಾದರೆ ಫೈಲು ಅಷ್ಟಾಗಿ ಬಾಗದೆ ಹೆಚ್ಚು ಹೊತ್ತು ಬಾಳುತ್ತದೆ. ಕೋಣೆಯ ಉಷ್ಣಾಂಶದಲ್ಲಿ ಪರೀಕ್ಷಿಸಿದಾಗ ಚೆನ್ನಾಗಿ ಬಾಳಿದ ಫೈಲು, ದೇಹದ ಬಿಸಿಯಾದ 37 ಡಿಗ್ರಿಯಲ್ಲಿ ಎಷ್ಟೋ ಬೇಗ ಮುರಿಯಬಹುದು. ಈ ಲೋಹದ ಒಳರಚನೆಯೇ ಉಷ್ಣಾಂಶಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಒಂದು ಲ್ಯಾಬ್‌ನ 600ನ್ನೂ ಇನ್ನೊಂದು ಲ್ಯಾಬ್‌ನ 900ನ್ನೂ ಅಕ್ಕಪಕ್ಕ ಇಟ್ಟು ‘ಇದೇ ಗಟ್ಟಿ’ ಎನ್ನುವ ಜಾಹೀರಾತನ್ನು ನಂಬಬೇಡಿ. ಒಂದೇ ಲ್ಯಾಬ್‌ನಲ್ಲಿ, ಒಂದೇ ತೋಡಿನಲ್ಲಿ, ಒಂದೇ ಬಿಸಿಯಲ್ಲಿ ನಡೆದ ಹೋಲಿಕೆಗೆ ಮಾತ್ರ ಬೆಲೆ.

ನಿಜವಾದ ಹಲ್ಲಿನಲ್ಲಿ ಇನ್ನಷ್ಟು ಸಂಗತಿಗಳು ಸೇರಿಕೊಳ್ಳುತ್ತವೆ: ಬೇರಿನ ಬಾಗು, ಫೈಲು ಎಷ್ಟನೇ ಬಾರಿಗೆ ಬಳಕೆಯಾಗುತ್ತಿದೆ, ವೈದ್ಯರು ಒತ್ತಿದ್ದೆಷ್ಟು. ಮಾನದಂಡ ದಾಟಿದ ಅಸಲಿ ಫೈಲೂ ಮುರಿಯುತ್ತದೆ, ನುರಿತವರ ಕೈಯಲ್ಲೂ ಮುರಿಯುತ್ತದೆ. ನಕಲಿ ಮಾಲು ಇಲ್ಲವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಮುರಿದದ್ದೊಂದೇ ನಕಲಿ ಎಂಬುದಕ್ಕೆ ಸಾಕ್ಷಿಯಾಗದು.

ತುಂಡು ಒಳಗೇ ಉಳಿದರೆ ಹಲ್ಲು ಹೋಯಿತೇ?

ಈ ಭಯಕ್ಕೆ ಉತ್ತರ ಲ್ಯಾಬ್‌ನಲ್ಲಿಲ್ಲ, ರೋಗಿಗಳ ದಾಖಲೆಗಳಲ್ಲಿದೆ. 2005ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ಬೇರುನಾಳ ತಜ್ಞರು ಚಿಕಿತ್ಸೆ ಮಾಡಿದ 8,460 ಕೇಸುಗಳನ್ನು ಪರಿಶೀಲಿಸಿತು. 277 ಹಲ್ಲುಗಳಲ್ಲಿ, ಅಂದರೆ ಶೇ. 3.3ರಷ್ಟರಲ್ಲಿ, ಉಪಕರಣದ ತುಂಡು ಉಳಿದಿತ್ತು. ಮುಂದೆ ಹೋಲಿಸಿ ನೋಡಿದಾಗ ತುಂಡು ಉಳಿದ ಹಲ್ಲುಗಳಲ್ಲಿ ಶೇ. 91.8, ಉಳಿಯದವುಗಳಲ್ಲಿ ಶೇ. 94.5 ಗುಣವಾಗಿದ್ದವು. ಬೇರಿನ ತುದಿಯಲ್ಲಿ ಮೊದಲೇ ಸೋಂಕಿನ ಗುರುತಿದ್ದ ಹಲ್ಲುಗಳಲ್ಲಿ ಫಲಿತಾಂಶ ಕೊಂಚ ಕಡಿಮೆ: ಕ್ರಮವಾಗಿ ಶೇ. 86.7 ಮತ್ತು 92.9. ತೊಂದರೆ ಕೊಡುವುದು ಲೋಹದ ತುಂಡಿಗಿಂತ ಹೆಚ್ಚಾಗಿ ಅದರ ಆಚೆ ಸ್ವಚ್ಛವಾಗದೆ ಉಳಿದ ಸೋಂಕು. ಇದು ತಜ್ಞರ ಕ್ಲಿನಿಕ್ಕಿನ ಲೆಕ್ಕ ಎಂಬುದನ್ನೂ ಮರೆಯಬಾರದು.

ಬೇಲೂರಿನ ಕಲ್ಲು, ಹಲ್ಲಿನ ಸಿಮೆಂಟು

ಇನ್ನು ಹಲ್ಲು ತುಂಬುವ ವಸ್ತುಗಳು. ಗಡಸುತನ ಬೇರೆ, ಬಲ ಬೇರೆ ಎಂಬುದಕ್ಕೆ ನಮ್ಮ ಊರಿನಲ್ಲೇ ಉದಾಹರಣೆ ಇದೆ. ಬೇಲೂರು, ಹಳೇಬೀಡಿನ ಗುಡಿಗಳ ಕಲ್ಲನ್ನು ಬಳಪದ ಕಲ್ಲು ಎನ್ನುತ್ತೇವೆ. ಅದರಲ್ಲಿರುವ ಕ್ಲೋರೈಟ್ ಖನಿಜದ ಗಡಸುತನ ಮೋಸ್ ಅಳತೆಯಲ್ಲಿ 2ರಿಂದ 2.5. ನಮ್ಮ ಹಲ್ಲಿನ ಎನಾಮೆಲ್ ಸುಮಾರು 5. ಹಲ್ಲಿಗಿಂತ ಮೆತ್ತಗಿನ ಆ ಕಲ್ಲಿನ ಕಂಬಗಳು 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಯ ಭಾರವನ್ನು ಇವತ್ತಿಗೂ ಹೊತ್ತಿವೆ. ಗೀರಿದರೆ ಗೀರು ಬೀಳುವುದು ಒಂದು ಗುಣ, ಭಾರ ತಡೆಯುವುದು ಇನ್ನೊಂದು, ಬಗ್ಗಿಸಿದರೆ ಮುರಿಯುವುದು ಮತ್ತೊಂದು. ಅದಕ್ಕೇ ಒಂದೇ ಸಿಮೆಂಟಿಗೆ ಹತ್ತಾರು ಪರೀಕ್ಷೆ.

ಹಲ್ಲಿನ ಬಣ್ಣದ ಕಾಂಪೋಸಿಟ್‌ಗೆ ಐಎಸ್‌ಒ 4049 ಇದೆ. 25 ಮಿ.ಮೀ. ಉದ್ದ, 2 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಕಡ್ಡಿ ಮಾಡಿ, 37 ಡಿಗ್ರಿಯ ನೀರಿನಲ್ಲಿ ಒಂದು ದಿನ ಇಟ್ಟು, ಎರಡು ಆಸರೆಗಳ ಮೇಲೆ ಮಲಗಿಸಿ ನಡುವೆ ಒತ್ತುತ್ತಾರೆ. ಅಗಿಯುವ ಮೇಲ್ಮೈಗೆ ಬಳಸುವಂಥದ್ದು ಕನಿಷ್ಠ 80 ಮೆಗಾಪ್ಯಾಸ್ಕಲ್ ತಡೆಯಬೇಕು. ಗಮನಿಸಿ, ಇದು ಒಂದು ದಿನ ವಯಸ್ಸಿನ ಕಡ್ಡಿಯ ಬಲ. ಇದರಲ್ಲಿ ಹತ್ತು ವರ್ಷದ ಲೆಕ್ಕ ಎಲ್ಲೂ ಇಲ್ಲ. ಬಿಸಿ ಕಾಫಿ, ತಣ್ಣನೆ ನೀರಿನ ಪರಿಣಾಮ ನೋಡಲು 5 ಮತ್ತು 55 ಡಿಗ್ರಿಯ ನೀರಿನಲ್ಲಿ ಸಾವಿರಾರು ಸಲ ಅದ್ದಿ ತೆಗೆಯುವ ಪರೀಕ್ಷೆಯೂ ಉಂಟು. ಅಡಿಕೆ ಅಗಿಯುವ ಬಾಯಿಯನ್ನು ಆ ಯಂತ್ರ ಅನುಕರಿಸುವುದಿಲ್ಲ.

ಲ್ಯಾಬ್ ಪರೀಕ್ಷೆಯೇ ದಾರಿ ತಪ್ಪಿಸಿದ್ದೂ ಇದೆ. ಬೇರುನಾಳ ತುಂಬಿದ ಹಲ್ಲನ್ನು ಬಣ್ಣದ ನೀರಿನಲ್ಲಿಟ್ಟು, ಬಣ್ಣ ಎಷ್ಟು ಒಳಗೆ ನುಗ್ಗಿತು ಎಂದು ಅಳೆಯುವ ‘ಸೋರಿಕೆ’ ಪ್ರಯೋಗಗಳು ವರ್ಷಗಟ್ಟಲೆ ರಾಶಿ ರಾಶಿಯಾಗಿ ಬಂದವು. ಅವುಗಳ ಫಲಿತಾಂಶಕ್ಕೂ ರೋಗಿಯ ಹಲ್ಲು ಉಳಿಯುವುದಕ್ಕೂ ತಾಳೆಯಾಗಲಿಲ್ಲ. 2007ರಲ್ಲಿ ಈ ಕ್ಷೇತ್ರದ ಪ್ರಮುಖ ಪತ್ರಿಕೆ ‘ಜರ್ನಲ್ ಆಫ್ ಎಂಡೋಡಾಂಟಿಕ್ಸ್’ ಇಂಥ ಪ್ರಬಂಧಗಳಿಗೆ ಬಾಗಿಲು ಹಾಕಿತು.

ಯಾರ ಹಲ್ಲಿನ ಮೇಲೆ ಪರೀಕ್ಷೆ?

ಕರ್ನಾಟಕದ ದಂತ ಕಾಲೇಜುಗಳಲ್ಲಿ ಎಂಡಿಎಸ್ ಓದುವವರು ಪ್ರೌಢಪ್ರಬಂಧಕ್ಕಾಗಿ ಇಂಥ ಪರೀಕ್ಷೆಗಳನ್ನು ಮಾಡುವುದು ಸಾಮಾನ್ಯ. ಬೇಕಾಗುವುದು ಕಿತ್ತ ಹಲ್ಲುಗಳು. ಅವುಗಳಲ್ಲಿ ಹುಳುಕು, ಬಿರುಕು, ಕಲೆ ಇರುವುದನ್ನು ಸಾಮಾನ್ಯವಾಗಿ ಬದಿಗಿಟ್ಟು ಒಳ್ಳೆಯವನ್ನೇ ಆರಿಸುತ್ತಾರೆ. ಪ್ರಯೋಗಕ್ಕೆ ಅದು ಸರಿಯೇ.

ಆದರೆ ಅರಸೀಕೆರೆ ತಾಲ್ಲೂಕನ್ನು ನೆನಪಿಸಿಕೊಳ್ಳಿ. ಮಲೆನಾಡಿಗೆ ತಾಗಿದ ಬೇಲೂರಿನಂತಲ್ಲದೆ ಇದು ಬಯಲುಸೀಮೆ, ಕೊಳವೆಬಾವಿಯ ಆಸರೆ ಹೆಚ್ಚು, ಕೆಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಭಾರತೀಯ ಮಾನಕ ಐಎಸ್ 10500ರಲ್ಲಿ ಲೀಟರಿಗೆ 1 ಮಿ.ಗ್ರಾಂ ಒಪ್ಪತಕ್ಕದ್ದು, ಬೇರೆ ನೀರೇ ಇಲ್ಲದಿದ್ದರೆ 1.5 ಮಿ.ಗ್ರಾಂವರೆಗೆ ಸಹ್ಯ. ಹಲ್ಲು ಮೂಡುವ ವಯಸ್ಸಿನಲ್ಲಿ ಇದಕ್ಕಿಂತ ಹೆಚ್ಚು ಫ್ಲೋರೈಡಿನ ನೀರು ಕುಡಿದವರ ಎನಾಮೆಲ್‌ನಲ್ಲಿ ಬಿಳಿ ಅಥವಾ ಕಂದು ಕಲೆ ಉಳಿಯುತ್ತದೆ. ಕಾಂಪೋಸಿಟ್ ಅಂಟಬೇಕಾದರೆ ಎನಾಮೆಲನ್ನು ಮೊದಲು ಫಾಸ್ಫಾರಿಕ್ ಆಮ್ಲದಿಂದ ಒರಟು ಮಾಡಬೇಕು. ಫ್ಲೋರೋಸಿಸ್ ಹಲ್ಲಿನ ಹೊರಪದರ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಹಾಗಾಗಿ ವೈದ್ಯರು ಆ ಪದರವನ್ನು ತುಸು ಉಜ್ಜಿ ತೆಗೆಯುವುದೋ, ಆಮ್ಲವನ್ನು ಹೆಚ್ಚು ಹೊತ್ತು ಬಿಡುವುದೋ ಉಂಟು. ಡಬ್ಬಿಯ ಮೇಲೆ ಅಚ್ಚಾಗಿರುವ ಅಂಟಿನ ಬಲ ಈ ಹಲ್ಲಿನದಲ್ಲ. ಮುಂದಿನ ಹಲ್ಲಿಗೆ ಹಾಕಿಸಿದ್ದು ಪದೇ ಪದೇ ಉದುರುತ್ತಿದ್ದರೆ ‘ಚಿಕ್ಕಂದಿನಿಂದ ಬೋರ್ ನೀರು ಕುಡಿದವರು’ ಎಂದು ವೈದ್ಯರಿಗೆ ಹೇಳಿ, ಅವರಿಗೆ ಅದು ಉಪಯೋಗದ ಮಾಹಿತಿ.

ಫೈಲು ಮುರಿದಿದೆ ಎಂದಾಗ ಕೇಳಬೇಕಾದ್ದು ಬೇರೆ. ತುಂಡು ನಾಳದ ಯಾವ ಭಾಗದಲ್ಲಿದೆ, ಮುರಿಯುವ ಮೊದಲು ನಾಳ ಎಷ್ಟು ಸ್ವಚ್ಛವಾಗಿತ್ತು, ಬೇರಿನ ತುದಿಯಲ್ಲಿ ಸೋಂಕು ಮೊದಲೇ ಇತ್ತೇ? ಎಕ್ಸ್‌ರೇ ಪ್ರತಿ ಮತ್ತು ವಿಷಯವನ್ನು ನಮೂದಿಸಿದ ಚೀಟಿ ಕೇಳಿ ಪಡೆಯಿರಿ. ತುಂಡನ್ನು ತೆಗೆಯಬಹುದು, ಪಕ್ಕದಿಂದ ದಾರಿ ಮಾಡಬಹುದು, ಇದ್ದಲ್ಲೇ ಬಿಟ್ಟು ನಾಳ ತುಂಬಲೂಬಹುದು. ತೆಗೆಯಲು ಹೋಗಿ ಬೇರನ್ನೇ ಕೊರೆದು ತೆಳುವಾಗಿಸಿದರೆ ಹಲ್ಲು ಸೀಳುವ ಅಪಾಯವಿದೆ, ಆದ್ದರಿಂದ ‘ಹೇಗಾದರೂ ತೆಗೆದುಬಿಡಿ’ ಎಂದು ಒತ್ತಾಯಿಸಬೇಡಿ. ನೋವಿಲ್ಲದಿದ್ದರೂ ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಿ, ಹಳೆಯದರ ಪಕ್ಕ ಇಟ್ಟು ನೋಡಲು ಹೇಳಿ.