ಸ್ಕೌಟ್ ಸ್ಕಾರ್ಫಿನ ಹಿಂದಿದ್ದ ಭಯ

ಹೋದ ವಾರ ಊರಿಗೆ ಹೋಗಿದ್ದಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ನನ್ನ ಹಳೇ ಸ್ಕೌಟ್ ಸ್ಕಾರ್ಫ್ ಸಿಕ್ತು. ನೋಡಿದ ಕೂಡಲೇ ಎಂಟನೇ ಕ್ಲಾಸಿನ ಒಂದು ಬೆಳಗ್ಗೆ ನೆನಪಾಯ್ತು. ಡ್ರಿಲ್ ನಡುವೆ ನನ್ನ ಪಕ್ಕದ ಹುಡುಗ ತಲೆ ಸುತ್ತಿ ಬಿದ್ದ. ಮೇಷ್ಟ್ರು "ಏಳೋ, ಗಂಡಸಲ್ವೇನೋ ನೀನು?" ಅಂದ್ರು. ನಾವೆಲ್ಲಾ ನಕ್ಕಿದ್ವಿ. ನಾನೂ ನಕ್ಕಿದ್ದೆ.

ಇಂಥದ್ದೇ ಪ್ರಶ್ನೆಯನ್ನ ಒಂದು ಇಡೀ ಸಾಮ್ರಾಜ್ಯ ತನ್ನ ಹುಡುಗರಿಗೆ ಕೇಳಿತ್ತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

1899ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ಶುರುವಾಯ್ತು. ಬೆರಳೆಣಿಕೆಯ ರೈತರನ್ನ ಸೋಲಿಸೋಕೆ ಬ್ರಿಟನ್ನಿಗೆ 1902ರವರೆಗೆ ಬೇಕಾಯ್ತು. ಮ್ಯಾಂಚೆಸ್ಟರಿನಲ್ಲಿ ಸೇನೆ ಸೇರೋಕೆ ಬಂದ ಸುಮಾರು 11,000 ಜನರಲ್ಲಿ 8,000 ಜನ ದೇಹದಾರ್ಢ್ಯ ಇಲ್ಲ ಅಂತ ವಾಪಸ್ ಹೋದರು ಅಂತ ಆರ್ನಾಲ್ಡ್ ವೈಟ್ ಅನ್ನೋ ಪತ್ರಕರ್ತ 1901ರಲ್ಲಿ ಬರೆದ. ಅಷ್ಟು ಸಾಕಾಯ್ತು ನೋಡಿ.. ನಮ್ಮ ಗಂಡಸರು ಮೆತ್ತಗಾಗಿದ್ದಾರೆ, ನಗರದ ಬದುಕು, ಸಿಗರೇಟು, ಫುಟ್‌ಬಾಲ್ ನೋಡ್ತಾ ಕೂರೋ ಚಟ ಅವರನ್ನ ಹಾಳು ಮಾಡಿದೆ ಅನ್ನೋ ಗೋಳು ಶುರುವಾಯ್ತು.

1905ರಲ್ಲಿ ಎಲಿಯಟ್ ಮಿಲ್ಸ್ ಅನ್ನೋ ಯುವ ಕನ್ಸರ್ವೇಟಿವ್ ಹೆಸರು ಹಾಕದೆ ಒಂದು ಕಿರುಹೊತ್ತಿಗೆ ತಂದ. ಅದು 2005ನೇ ಇಸವಿಯ ಜಪಾನಿನ ಶಾಲಾ ಪಠ್ಯದಂತೆ ಇತ್ತು, ವಿಷಯ ಬ್ರಿಟಿಷ್ ಸಾಮ್ರಾಜ್ಯ ಮುಳುಗಿದ್ದು ಹೇಗೆ ಅಂತ! ಅದನ್ನ ಓದಿ ಮೆಚ್ಚಿದವರಲ್ಲಿ ಬೋಯರ್ ಯುದ್ಧದ ಹೀರೋ ಬೇಡನ್ ಪೊವೆಲ್ ಕೂಡ ಒಬ್ಬ. 1908ರಲ್ಲಿ ಅವನು ಬರೆದ ಸ್ಕೌಟಿಂಗ್ ಪುಸ್ತಕದ ಹಿಂದೆ ಇದೇ ಭಯ ಇತ್ತು. ಮರುವರ್ಷವೇ ಸ್ಕೌಟಿಂಗ್ ನಮ್ಮ ಬೆಂಗಳೂರಿಗೂ ಬಂತು.

ಅದೇ 1909ರಲ್ಲಿ ಒಂದು ತಮಾಷೆ ನಡೀತು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಸ್ಕೌಟ್ ಮೇಳಕ್ಕೆ ಹುಡುಗೀರು ತಾವೇ ಯೂನಿಫಾರ್ಮ್ ಹಾಕ್ಕೊಂಡು ಬಂದುಬಿಟ್ರು. ಗಂಡಸರನ್ನ ತಯಾರು ಮಾಡೋ ಕೆಲಸ ಹುಡುಗೀರಿಗೂ ಬರುತ್ತೆ ಅಂದ್ರೆ ಕಷ್ಟ ಅಲ್ವಾ? 1910ರಲ್ಲಿ ಅವರಿಗೆ ಬೇರೆ ಹೆಸರಿನ ಬೇರೆ ಸಂಸ್ಥೆ ಆಯ್ತು, ಗರ್ಲ್ ಗೈಡ್ಸ್.

ಆದರೆ ಇದೇ ಗಲಾಟೆಯ ನಡುವೆ ಒಂದು ಒಳ್ಳೇ ಕೆಲಸಾನೂ ಆಯ್ತು. ಬಾಲ್ಫೋರನ ಕನ್ಸರ್ವೇಟಿವ್ ಸರ್ಕಾರವೇ ನೇಮಿಸಿದ್ದ ಸಮಿತಿ 1904ರಲ್ಲಿ ವರದಿ ಕೊಡ್ತು. ಜನಾಂಗ ಕ್ಷೀಣಿಸ್ತಾ ಇದೆ ಅನ್ನೋದಕ್ಕೆ ಅದಕ್ಕೆ ಆಧಾರ ಸಿಗಲಿಲ್ಲ. ಸಿಕ್ಕಿದ್ದು ಅರೆಹೊಟ್ಟೆ, ಕೊಳಕು ಹಾಲು, ಗಾಳಿ ಬೆಳಕಿಲ್ಲದ ಮನೆಗಳು. 1906ರಲ್ಲಿ, ಲಿಬರಲ್ ಸರ್ಕಾರ ಇದ್ದಾಗ, ಶಾಲೆಯಲ್ಲಿ ಊಟ ಕೊಡಲು ಸ್ಥಳೀಯ ಆಡಳಿತಗಳಿಗೆ ಅವಕಾಶ ಕೊಡೋ ಕಾಯ್ದೆ ಬಂತು. ಅದಕ್ಕೂ ವಿರೋಧ ಇತ್ತು. ಮಕ್ಕಳಿಗೆ ಸರ್ಕಾರ ಊಟ ಹಾಕಿದ್ರೆ ಅಪ್ಪಂದಿರ ಹೊಣೆಗಾರಿಕೆ ಹೋಗುತ್ತೆ ಅಂತ!

ನಾವು ಆಫೀಸಲ್ಲಿ ಬಗ್ ಇರೋದು ಒಂದು ಕಡೆ, ಬೈಯೋದು ಇನ್ನೊಂದು ಕಡೆ ಅಂತ ನಗ್ತೀವಿ. ಇದೂ ಹಾಗೇ. ಗಂಡಸುತನ ಹೋಯ್ತು ಅಂತ ರಾಜಕೀಯದವರು ಕೂಗಿದಾಗೆಲ್ಲ ನಾನೀಗ ಆ 1904ರ ವರದಿ ನೆನಪಿಸ್ಕೊಳ್ತೀನಿ.

ಅಂದಹಾಗೆ, ಅವತ್ತು ಬಿದ್ದ ನನ್ನ ಗೆಳೆಯ ಬೆಳಗ್ಗೆ ತಿಂಡಿ ತಿಂದಿರಲಿಲ್ಲ. ಹಿಂದಿನ ರಾತ್ರಿ ಊಟಾನೂ ಇರಲಿಲ್ಲ. ಅದನ್ನ ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಸ್ಕಾರ್ಫ್ ಮಡಚಿ ವಾಪಸ್ ಟ್ರಂಕಿನಲ್ಲಿಟ್ಟು, ಅವನಿಗೊಂದು ಫೋನ್ ಮಾಡಿದೆ.